ಬಳಚು ಹೆಕ್ಕೋರನ್ನ ಬಳಚಿನ ಸಭೆಗೆ ಕರೆತರೋದು ಹೇಗೆ? ನನ್ನ ಅನುಭವ
ಅಘನಾಶಿನಿ ಅಳಿವೆಯಲ್ಲಿ ಬಳಚು (ತಿನ್ನೋ ಕಪ್ಪೆಚಿಪ್ಪು) ಉಳಿಸೋ ಕೆಲಸದಲ್ಲಿ ನಾನೂ ಇದೀನಿ, ಇಂಥದ್ದೇ ಕೆಲಸಕ್ಕೆ ಇಳಿಯೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ನಮ್ ಕುಮಟಾ ಕಡೆ ಮೀನುಗಾರರ ಸಭೆ ಅಂದ್ರೆ ಬೋಟ್ ಮಾಲೀಕ್ರು, ಸೊಸೈಟಿಯೋರು, ಇಲಾಖೆಯೋರು, ಪಂಚಾಯ್ತಿ ಮೆಂಬರ್ರು, ಅಲ್ಲಿಗೆ ಮುಗೀತು. ಬಳಚು ಹೆಕ್ಕೋರಲ್ಲಿ ಹೆಂಗಸರೂ ಬಹಳ ಇದಾರೆ, ಅವ್ರಿಗೆ ಬೋಟೂ ಇಲ್ಲ ಲೈಸೆನ್ಸೂ ಇಲ್ಲ, ಹಾಗಾಗಿ ಯಾವ ಲಿಸ್ಟಲ್ಲೂ ಅವ್ರ ಹೆಸ್ರು ಬರಲ್ಲ.

ಅವ್ರನ್ನ ಸಭೆಗೆ ಕರ್ಕೊಂಡು ಬರೋಕೆ ನಾವು ಮೊದಲು ನೋಡಿದ್ದು ನೀರಿನ ಟೈಮು. ಇಳಿತ ದಿನಾ ಸುಮಾರು 50 ನಿಮಿಷ ತಡ ಆಗ್ತಾ ಹೋಗುತ್ತೆ, ನೀವು ಪ್ರತಿ ಸೋಮವಾರ 11 ಗಂಟೆಗೆ ಅಂತ ಫಿಕ್ಸ್ ಮಾಡಿದ್ರೆ ಕೆಲವು ವಾರ ಅವ್ರು ಸೊಂಟದ ತನಕ ನೀರಲ್ಲಿ ನಿಂತು ಕಾಲಲ್ಲಿ ಬಳಚು ತಡಕ್ತಾ ಇರ್ತಾರೆ, ಕೂಲಿ ಬಿಟ್ಟು ಯಾರು ಬರ್ತಾರೆ ಹೇಳಿ. ಭರತ ಏರೋಕೆ ಶುರುವಾಗಿ ಅವ್ರು ದಡಕ್ಕೆ ಬರೋ ಹೊತ್ತಿಗೆ ಅಲ್ಲೇ ದಕ್ಕೆ (ದೋಣಿ ನಿಲ್ಲೋ ಕಟ್ಟೆ) ಹತ್ರ ಕೂತ್ವಿ. ಅಧಿಕಾರಿಗಳಿಗೆ ಫೋನ್ ಮಾಡಿ ಕಾರಣ ಹೇಳಿದ್ವಿ, ಬಂದ್ರು.

ಅವತ್ತಿನ ಬಳಚನ್ನೇ ಗೋಣಿ ಮೇಲೆ ಸುರಿದು ದೊಡ್ಡದು ಸಣ್ಣದು ಬೇರೆ ಮಾಡಿದ್ವಿ, ಸಣ್ಣದನ್ನ ಬೆಳೆಯೋಕೆ ಬಿಡ್ಬೇಕು ಅನ್ನೋದೇ ನಮ್ ಮಾತು, ಕೊಳ್ಳೋ ವ್ಯಾಪಾರಿನೂ ಅಲ್ಲೇ ಇದ್ರು. ಇದು ಬಹಳ ಮುಖ್ಯ. ಅವ್ರು ಸಣ್ಣದನ್ನ ಕೊಳ್ತಾ ಇರೋ ತನಕ ನಾವು ಎಷ್ಟು ಹೇಳಿದ್ರೂ ಹೆಕ್ಕೋದು ನಿಲ್ಲಲ್ಲ. ಕೇರಳದ ಅಷ್ಟಮುಡಿ ಹಿನ್ನೀರಿನ ವಿಷ್ಯನೂ ಹೇಳಿದೆ, ಅಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ ತನಕ ಬಳಚು ತೆಗಿಯೋದು ಬಂದ್, ಬಲೆ ಕಣ್ಣು 30 ಮಿಲಿಮೀಟರ್, 2014ರಲ್ಲಿ ಎಂಎಸ್‌ಸಿ (ಮೀನು ಸಂತತಿ ಉಳಿಸ್ಕೊಂಡು ಹಿಡಿಯೋರಿಗೆ ಕೊಡೋ ಅಂತಾರಾಷ್ಟ್ರೀಯ) ಸರ್ಟಿಫಿಕೇಟೂ ಸಿಕ್ತು, ದೇಶದಲ್ಲೇ ಮೊದಲು.

ಒಬ್ರು ಹಿರಿಯರು ಕೇಳಿದ್ರು, "ತಮ್ಮಾ, ಮಳೆಗಾಲದಲ್ಲಿ ಹೊಳೆ ನೀರು ಸಪ್ಪೆ ಆದ್ರೆ ಬಳಚು ಸಾಯ್ತದೆ, ಬಿಟ್ಟು ಯಾರಿಗೆ ಲಾಭ?" ಮಾತು ಸರಿಯಾಗೇ ಇತ್ತು. ಈ ನದಿಗೆ ಅಣೆಕಟ್ಟಿಲ್ಲ, ಶಿರಸಿ ಘಟ್ಟದ ಮಳೆ ನೀರೆಲ್ಲ ಸೀದಾ ಇಲ್ಲಿಗೇ ಇಳೀತದೆ. ಹಾಗಾಗಿ ಕೇರಳದ ತಿಂಗಳ ಲೆಕ್ಕ ಬಿಟ್ಟು, ದೊಡ್ಡ ಕಣ್ಣಿನ ಜರಡಿ ನೀರಲ್ಲೇ ಹಿಡಿದು ಸಣ್ಣದನ್ನ ಜೀವ ಇರುವಾಗ್ಲೇ ಅಲ್ಲೇ ಬಿಡೋದು ಅಂತ ಅವ್ರೇ ತೀರ್ಮಾನ ಮಾಡಿದ್ರು, ವ್ಯಾಪಾರಿನೂ ಒಪ್ಪಿದ್ರು.

ಆಮೇಲೆ ಇನ್ನೊಬ್ರು, "ನಾ ಬಿಟ್ಟಿದ್ದನ್ನ ಆಚೆ ದಡದೋರು ತಗಂಡು ಹೋದ್ರೆ?" ಅಂದ್ರು. ಇದಕ್ಕೆ ನಾನು ಉತ್ತರ ಕೊಡೋದು ಸರಿ ಅಲ್ಲ ಅನ್ನಿಸ್ತು, ಮುಂದಿನ ಸಭೆ ಆಚೆ ದಡದ ತದಡಿ ಕಡೆನೇ ಇಟ್ವಿ. ಅಲ್ಲಿಂದ ಈ ಕಡೆ ಒಂದ್ಸಲ ಆ ಕಡೆ ಒಂದ್ಸಲ, ಹಾಗೇ ನಡೀತಿದೆ. ದೋಣಿಲಿ ಹೋಗಿ ಮುಳುಗಿ ತೆಗಿಯೋ ಗಂಡಸರೂ ಬರ್ತಾರೆ. ಸುಣ್ಣಕ್ಕೆ ಅಂತ ಚಿಪ್ಪು ತೆಗಿಯೋರು ಮಾತ್ರ ಇನ್ನೂ ಬಂದಿಲ್ಲ, ಅವ್ರು ಬರದೆ ಈ ಒಪ್ಪಂದ ಅರ್ಧನೇ.

2024ರಲ್ಲಿ ಅಳಿವೆಗೆ ರಾಮ್ಸಾರ್ ಪಟ್ಟ (ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನೋ ಮಾನ್ಯತೆ) ಸಿಕ್ಕಿದೆ, ಇನ್ನು ನಿರ್ವಹಣೆ ಸಮಿತಿ ಅಂತ ಮಾಡೋವಾಗ ಈ ಹೆಂಗಸರಿಗೆ ಅದ್ರಲ್ಲಿ ಸೀಟು ಬೇಕು, ಅವ್ರನ್ನ ಮೀನುಗಾರರು ಅಂತ ದಾಖಲೆಯಲ್ಲಿ ಬರೀಬೇಕು. ಅದಕ್ಕೆ ಈಗ ಎರಡೂ ದಡದಲ್ಲಿ ಹೆಸ್ರು ಬರೆಸ್ತಾ ಇದೀವಿ.