ಟ್ರ್ಯಾಪ್ ಲೈನಿಗೆ ಯಾವ ಕೋವಿ? ನನ್ನ ಅನುಭವ

ಕಾಡುಪ್ರಾಣಿ ಹಿಡಿಯಲು ಸಾಲಾಗಿ ಟ್ರ್ಯಾಪ್ ಹಾಕುವವನಿಗೆ (ಆ ಸಾಲೇ ಟ್ರ್ಯಾಪ್ ಲೈನ್) ಕೋವಿ ಯಾಕೆ, ಪ್ರಾಣಿ ಆಗಲೇ ಸಿಕ್ಕಿಬಿದ್ದಿರುತ್ತದೆ ಅಲ್ವಾ? ಊರಿಗೆ ಫೋನ್ ಮಾಡಿದಾಗಲೆಲ್ಲ ಅಣ್ಣ ಇದನ್ನು ಕೇಳುತ್ತಾನೆ. ಸಿಕ್ಕಿಬಿದ್ದಿರುತ್ತದೆ, ಅದಕ್ಕೇ ಕೋವಿ ಬೇಕು. ನೆಲದ ಮೇಲೆ ಹಾಕುವ, ಕಾಲು ಹಿಡಿಯುವ ಟ್ರ್ಯಾಪ್ ಪ್ರಾಣಿಯನ್ನು ಕೊಲ್ಲುವುದಿಲ್ಲ, ಹಿಡಿದು ನಿಲ್ಲಿಸುತ್ತದೆ ಅಷ್ಟೆ. ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಅದು ಕಣ್ಣು ಬಿಟ್ಟುಕೊಂಡು ಕೂತಿರುತ್ತದೆ. ಬೇಡದ ಪ್ರಾಣಿಯಾದರೆ ಬಿಡಬೇಕು. ಬೇಕಾದದ್ದಾದರೆ ಒಂದೇ ಈಡಿಗೆ ಮುಗಿಯಬೇಕು. ಆ ಒಂದು ಈಡಿಗೆ ತಕ್ಕ ಕೋವಿ ಯಾವುದು ಅನ್ನುವುದೇ ಪ್ರಶ್ನೆ.

ನಾನಿರುವುದು ಮಧ್ಯ ಪೆನ್ಸಿಲ್ವೇನಿಯಾದಲ್ಲಿ, ಸಸ್ಕ್ವೆಹಾನಾ ನದಿಗೆ ಸೇರುವ ಹಳ್ಳಗಳ ಆಸುಪಾಸು. ಜೋಳದ ಹೊಲ, ಹಸುವಿನ ಕೊಟ್ಟಿಗೆ, ನಡುವೆ ಸ್ವಲ್ಪ ಕಾಡು. ರೈತರೇ ಕರೆದು ಜಾಗ ಕೊಡುತ್ತಾರೆ, ರಕೂನ್ (ಬೆಕ್ಕಿಗಿಂತ ದೊಡ್ಡದಾದ, ಕಣ್ಣಿನ ಸುತ್ತ ಕಪ್ಪು ಪಟ್ಟೆಯ ಪ್ರಾಣಿ) ಜೋಳ ತಿಂದು ಹಾಳು ಮಾಡುತ್ತದೆ ಅಂತ. ನಾನು ಹುಟ್ಟಿ ಬೆಳೆದದ್ದು ಕೊಡಗಿನಲ್ಲಿ. ಕೈಲ್ ಪೊಳ್ದಿಗೆ ಕೋವಿ ಒರೆಸಿ, ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆಗೆ ಇಡುವ ಮನೆ. ಹಾಗಾಗಿ ಕೋವಿ ಹೊಸದಾಗಿರಲಿಲ್ಲ. ಟ್ರ್ಯಾಪ್ ಪೂರ್ತಿ ಹೊಸದು. ನಮ್ಮಲ್ಲಿ ಕಾಡುಪ್ರಾಣಿಗೆ ಉರುಳು ಹಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಹಾಗೇ ಇರಬೇಕು ಕೂಡ. ತೋಟದ ಬೇಲಿಯ ಉರುಳಿಗೆ ಚಿರತೆ ಸಿಕ್ಕಿ ನರಳಿದ ಸುದ್ದಿ ಓದಿದಾಗಲೆಲ್ಲ ಹೊಟ್ಟೆ ತೊಳೆಸುತ್ತದೆ. ಇಲ್ಲಿ ಇದು ಸೀಸನ್, ಲೈಸೆನ್ಸ್, ತರಬೇತಿ ಎಲ್ಲ ಇರುವ ಕೆಲಸ. ಮೊದಲ ಸಲ ಲೈಸೆನ್ಸ್ ತೆಗೆಯುವವರು ತರಬೇತಿ ಮುಗಿಸಬೇಕು, ಪ್ರತಿ ಟ್ರ್ಯಾಪಿಗೂ ಗುರುತಿನ ಟ್ಯಾಗ್ ಕಟ್ಟಬೇಕು, 36 ಗಂಟೆಯೊಳಗೆ ಒಮ್ಮೆ ಹೋಗಿ ನೋಡಲೇಬೇಕು. ನಾನು ದಿನಾ ಬೆಳಿಗ್ಗೆ ಹೋಗುತ್ತೇನೆ. ಸಿಕ್ಕ ಪ್ರಾಣಿಯನ್ನು ಅಷ್ಟು ಹೊತ್ತು ಕಾಯಿಸುವುದು ನನಗೆ ಇಷ್ಟವಿಲ್ಲ.

ಕಾಗದದ ಕೆಲಸ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮವರು ಎಡವುವುದೇ ಇಲ್ಲಿ. ಎಚ್‌-1ಬಿ ತರಹದ ವೀಸಾದಲ್ಲಿ ಇರುವವರು ಅಮೆರಿಕದಲ್ಲಿ ಕೋವಿಯಾಗಲಿ ತೋಟೆಯಾಗಲಿ ಇಟ್ಟುಕೊಳ್ಳುವಂತಿಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೂ ವಕೀಲರನ್ನು ಕೇಳದೆ ಕೈ ಹಾಕಬೇಡಿ. ಗ್ರೀನ್ ಕಾರ್ಡ್ ಬಂದ ಮೇಲೆ ಆ ತೊಡಕಿಲ್ಲ. ನಾನು ಅಲ್ಲಿಯವರೆಗೂ ಕಾದೆ. ಇನ್ನು ಪಿಸ್ತೂಲು, ರಿವಾಲ್ವರ್‌ಗೆ ಪೆನ್ಸಿಲ್ವೇನಿಯಾದಲ್ಲಿ, ಗಾಡಿಯಲ್ಲಿ ಒಯ್ಯುವುದಾದರೆ ಇಲ್ಲವೇ ಬಟ್ಟೆಯ ಮರೆಯಲ್ಲಿ ಇಟ್ಟುಕೊಳ್ಳುವುದಾದರೆ, ಬೇರೆಯೇ ಪರವಾನಗಿ ಬೇಕು. ಬೇಟೆ, ಮೀನು, ಟ್ರ್ಯಾಪ್ ಮಾಡುವವರಿಗೆ ಅಂತಲೇ ಸ್ಪೋರ್ಟ್ಸ್‌ಮನ್ಸ್ ಫೈರ್‌ಆರ್ಮ್ ಪರ್ಮಿಟ್ ಇದೆ. ಅದು 5 ವರ್ಷ ನಡೆಯುತ್ತದೆ. ಪಕ್ಕದ ರಾಜ್ಯಕ್ಕೆ ಹೋದರೆ ನಿಯಮವೂ ಬದಲು. ಕೋವಿ ಆರಿಸುವ ಮುಂಚೆ ಇದನ್ನು ನೋಡಿಕೊಳ್ಳಿ. ಪರವಾನಗಿ ಸಿಗದಿದ್ದರೆ ಸಣ್ಣ ರೈಫಲ್ಲೇ ಗತಿ.

ಆರಿಸುವಾಗ ನಾನು ಹಿಡಿದ ದಾರಿ ಒಂದೇ: ದೂರ ಎಷ್ಟು? ಕೊಡಗಿನ ಜೋಡುನಳಿಗೆ ಕೋವಿ ಓಡುವ ಹಂದಿಗೆ. ಇಲ್ಲಿ ಪ್ರಾಣಿ ನನ್ನಿಂದ ಎರಡು ಮಾರು ದೂರದಲ್ಲಿ, ಸರಪಳಿಯ ತುದಿಯಲ್ಲಿ ಇರುತ್ತದೆ. ಅಷ್ಟು ಹತ್ತಿರಕ್ಕೆ ಬಲ ಬೇಡ. ಬೇಕಾದದ್ದು ಸರಿಯಾದ ಜಾಗಕ್ಕೆ ಬೀಳುವ ಒಂದು ಸಣ್ಣ ಗುಂಡು, ಮತ್ತು ಯಾವಾಗಲೂ ಮೈಮೇಲೇ ಇರುವ ಕೋವಿ. ಭಾರ ಅಂತ ಗಾಡಿಯಲ್ಲೇ ಬಿಟ್ಟು ಬಂದ ಕೋವಿಯಿಂದ ಏನು ಪ್ರಯೋಜನ? ಹಾಗಾಗಿ 0.22 ಇಂಚು ದಪ್ಪದ ಗುಂಡಿನ ಸಣ್ಣ ತೋಟೆ, ಅಂದರೆ ಪಾಯಿಂಟ್ ಟೂ ಟೂ ರಿಮ್‌ಫೈರ್ ಬಿಟ್ಟು ಬೇರೆ ಯೋಚಿಸಲೇ ಇಲ್ಲ. 2002ರಲ್ಲಿ ಬಂದ ಪಾಯಿಂಟ್ ಒನ್ ಸೆವೆನ್ ಎಚ್‌ಎಂಆರ್ ಚೆನ್ನಾದ ತೋಟೆ, ಆದರೆ ಅದು ದೂರದ ಗುರಿಗೆ. ಎರಡು ಮಾರಿನಲ್ಲಿ ಅದರ ವೇಗ ತಲೆಬುರುಡೆಯನ್ನೇ ಒಡೆದುಹಾಕುತ್ತದೆ. ಪಾಯಿಂಟ್ ಟೂ ಟೂ ಮ್ಯಾಗ್ನಮ್ಮೂ ಈ ಕೆಲಸಕ್ಕೆ ಜಾಸ್ತಿಯಾಯಿತು.

ಮೊದಲು ರೈಫಲ್ ತರಹದವನ್ನು ನೋಡಿದೆ. ಮಕ್ಕಳಿಗೆ ಅಂತ ಮಾಡುವ ಒಂಟಿ ತೋಟೆಯ, ಕ್ರಿಕೆಟ್ ಅನ್ನುವ ಹೆಸರಿನ ರೈಫಲ್ ಒಂದೂಕಾಲು ಕಿಲೋ ಚಿಲ್ಲರೆ ತೂಗುತ್ತದೆ, ಬೆಲೆಯೂ ಕಡಿಮೆ. ಹೆನ್ರಿಯ ಎಆರ್-7 ಬಿಚ್ಚಿದರೆ ನಳಿಗೆ ಸಮೇತ ಅದರ ಹಿಡಿಯೊಳಗೇ ಕೂರುತ್ತದೆ. ಎರಡೂ ಒಳ್ಳೆಯವೇ. ತೊಂದರೆ ಇರುವುದು ನನ್ನ ಕೈಯಲ್ಲಿ. ಲೈನ್ ನಡೆಯುವಾಗ ಬೆನ್ನಿಗೆ ಬುಟ್ಟಿ, ಅದರಲ್ಲಿ ಟ್ರ್ಯಾಪು, ಗೂಟ, ಕೈಕೊಡಲಿ, ಮಣ್ಣು ಜರಡಿ. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಹಳ್ಳದ ಆಳ ನೋಡಲು ಕೋಲು. ಮಂಡಿಯೂರಿ ಟ್ರ್ಯಾಪ್ ಹೂಳಲು ಬಗ್ಗಿದರೆ ಹೆಗಲಿನ ರೈಫಲ್ ಜಾರಿ ಮುಂದೆ ಬರುತ್ತದೆ. ಕೆಳಗಿಟ್ಟರೆ ನಳಿಗೆಯೊಳಗೆ ಹಿಮ, ಮಣ್ಣು. ನಳಿಗೆ ಕಟ್ಟಿಕೊಂಡ ಕೋವಿಯಷ್ಟು ಅಪಾಯ ಇನ್ನೊಂದಿಲ್ಲ. ಸೊಂಟದಲ್ಲಿ ಕೂರುವಂಥದ್ದೇ ಬೇಕು ಅಂತ ಅಲ್ಲಿಗೆ ತೀರ್ಮಾನ ಆಯಿತು.

ಸೊಂಟಕ್ಕೆ ಅಂದಮೇಲೆ ಸೆಮಿ ಆಟೊಮ್ಯಾಟಿಕ್ ಪಿಸ್ತೂಲೋ ರಿವಾಲ್ವರ್ರೋ ಅನ್ನುವ ಪ್ರಶ್ನೆ. 1949ರಿಂದ ರೂಗರ್ ಕಂಪನಿ ಮಾಡುತ್ತಾ ಬಂದಿರುವ ಟೂ ಟೂ ಪಿಸ್ತೂಲು ಗುರಿಯಲ್ಲಿ ಅಪ್ಪಟ. ಆದರೆ ಅದು ತಾನೇ ಮುಂದಿನ ತೋಟೆ ತುಂಬಿಕೊಳ್ಳಬೇಕಾದರೆ ತೋಟೆಯಲ್ಲಿ ಸಾಕಷ್ಟು ದಮ್ಮಿರಬೇಕು. ನನಗೆ ಬೇಕಾದದ್ದು ಮೆಲ್ಲಗಿನ ತೋಟೆ. ಅದು ಹಾಕಿದರೆ ಪಿಸ್ತೂಲು ಅರ್ಧಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನೊಂದು, ಒಂದು ಈಡು ಬಿಟ್ಟ ತಕ್ಷಣ ಪಿಸ್ತೂಲು ಮತ್ತೆ ಹಾರಲು ಸಿದ್ಧವಾಗಿ ಕೂರುತ್ತದೆ. ಚಳಿಗೆ ಮರಗಟ್ಟಿದ ಬೆರಳು, ಕಾಲ ಕೆಳಗೆ ಹಿಮ. ನನಗೆ ಅದು ಬೇಡವಾಗಿತ್ತು. ಸಿಂಗಲ್ ಆಕ್ಷನ್ ರಿವಾಲ್ವರ್‌ನಲ್ಲಿ ಪ್ರತಿ ಸಲ ಹೆಬ್ಬೆರಳಿನಿಂದ ಕುದುರೆ (ಹಿಂದಿರುವ, ಹೊಡೆಯುವ ಸುತ್ತಿಗೆ) ಎಳೆದರೆ ಮಾತ್ರ ಈಡು. ಎಳೆಯದಿದ್ದರೆ ಅದು ಸುಮ್ನೆ ಕೂತಿರುತ್ತದೆ.

ಕೊನೆಗೆ ಉಳಿದದ್ದು ರೂಗರ್‌ನದೇ ಎರಡು, ಸಿಂಗಲ್ ಸಿಕ್ಸ್ ಮತ್ತು ಬೇರ್‌ಕ್ಯಾಟ್. ಸಿಂಗಲ್ ಸಿಕ್ಸ್ ದೊಡ್ಡದು, ಐದೂವರೆ ಇಂಚು ನಳಿಗೆಯದು ಒಂದು ಕಿಲೋ ಹತ್ತಿರ ತೂಗುತ್ತದೆ. ಬೇರ್‌ಕ್ಯಾಟ್ ಸುಮಾರು 680 ಗ್ರಾಂ, ನಳಿಗೆ ನಾಲ್ಕು ಇಂಚಿಗೆ ಸ್ವಲ್ಪ ಜಾಸ್ತಿ. ಮೂರು ಪದರ ಬಟ್ಟೆ, ಎದೆಯವರೆಗಿನ ರಬ್ಬರ್ ವೇಡರ್ ಹಾಕಿ ಬೆಳಗೆಲ್ಲ ನಡೆಯುವವನಿಗೆ ಆ ವ್ಯತ್ಯಾಸ ದೊಡ್ಡದು. ಸ್ಟೇನ್‌ಲೆಸ್ ಬೇರ್‌ಕ್ಯಾಟ್ ತೆಗೆದುಕೊಂಡೆ. ಅದರ ಟ್ರಿಗರ್ ಗಾರ್ಡ್ ಚಿಕ್ಕದು, ದಪ್ಪ ಗ್ಲೌಸ್ ಬೆರಳು ಒಳಗೆ ಹೋಗುವುದಿಲ್ಲ. ನಾನು ಬಲಗೈ ಗ್ಲೌಸ್ ತೆಗೆದೇ ಹೊಡೆಯುತ್ತೇನೆ. ಕೈ ತಣ್ಣಗಾದರೂ ಟ್ರಿಗರ್ ಎಲ್ಲಿದೆ ಅಂತ ಬೆರಳಿಗೆ ಗೊತ್ತಿರುವುದು ಒಳ್ಳೆಯದು.

ಹಳೆಯದು ಕೊಳ್ಳುವವರಿಗೆ ಒಂದು ಮಾತು. ಟ್ರಿಗರ್ ಎಳೆದಾಗ ಮಾತ್ರ ಮೇಲೆದ್ದು ಕುದುರೆಯ ಪೆಟ್ಟನ್ನು ತೋಟೆ ಸಿಡಿಸುವ ಪಿನ್ನಿಗೆ ಮುಟ್ಟಿಸುವ ಟ್ರಾನ್ಸ್‌ಫರ್ ಬಾರ್ ಸಿಂಗಲ್ ಸಿಕ್ಸ್‌ಗೆ ಬಂದದ್ದು 1973ರಲ್ಲಿ, ಬೇರ್‌ಕ್ಯಾಟ್‌ಗೆ 1993ರಲ್ಲಿ. ಅದಕ್ಕೂ ಹಳೆಯದಾದರೆ ಕುದುರೆಯ ಕೆಳಗಿನ, ತೋಟೆ ಕೂರುವ ಗೂಡು ಖಾಲಿ ಬಿಟ್ಟು ಐದೇ ತೋಟೆ ತುಂಬಬೇಕು. ಜಾರಿ ಬಿದ್ದು ಕುದುರೆಗೆ ಕಲ್ಲು ಬಡಿದರೂ ಈಡು ಹಾರುತ್ತದೆ.

ತೋಟೆಯ ವಿಷಯಕ್ಕೆ ಬಂದರೆ, ಕೋವಿಗಿಂತ ಇದರ ಮೇಲೇ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಹೈ ವೆಲಾಸಿಟಿ ಲಾಂಗ್ ರೈಫಲ್ ತೋಟೆಯ (ಹೆಸರು ಹಾಗಿದ್ದರೂ ಇದು ಟೂ ಟೂ ತೋಟೆಯ ಒಂದು ಬಗೆ) ಗುಂಡು ಸೆಕೆಂಡಿಗೆ ಸುಮಾರು 376 ಮೀಟರ್ ಹೋಗುತ್ತದೆ. ಸೊನ್ನೆ ಡಿಗ್ರಿ ಚಳಿಯಲ್ಲಿ ಶಬ್ದದ ವೇಗವೇ 331 ಮೀಟರ್. ಅದನ್ನು ದಾಟಿದ ಗುಂಡು ಹೋಗುವ ದಾರಿಯುದ್ದಕ್ಕೂ ಚಾಟಿ ಬೀಸಿದ ಹಾಗೆ ಸಿಡಿಯುತ್ತದೆ. ಸಿಸಿಐ ಕಂಪನಿಯ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟೆಯದು 326 ಮೀಟರ್, ಆ ಗೆರೆಯ ಕೆಳಗೇ ನಿಲ್ಲುತ್ತದೆ. ಇವೆಲ್ಲ ಉದ್ದ ನಳಿಗೆಯ ರೈಫಲ್‌ನಲ್ಲಿ ಅಳೆದ ಲೆಕ್ಕ. ನನ್ನ ನಾಲ್ಕಿಂಚಿನ ನಳಿಗೆಯಲ್ಲಿ ಇನ್ನೂ ಕಡಿಮೆ. ಇದಕ್ಕಿಂತ ಮೆಲ್ಲಗಿನದು ಸಿಬಿ ಶಾರ್ಟ್ ಅನ್ನುವ ಗಿಡ್ಡ ತೋಟೆ, 29 ಗ್ರೇನ್ ಗುಂಡು, ಅಂದರೆ ಎರಡು ಗ್ರಾಮೂ ಇಲ್ಲ, ವೇಗ 221 ಮೀಟರ್.

ರಕೂನ್ ಮತ್ತು ಕೆಂಪು ನರಿಗೆ ನಾನು ಬಳಸುವುದು ಈ ಸಿಬಿ ಶಾರ್ಟ್. ಗುಂಡು ತಲೆಬುರುಡೆಯೊಳಗೆ ಹೋಗುತ್ತದೆ, ಆಚೆ ಬರುವುದಿಲ್ಲ. ಆಚೆ ಬಂದರೆ ರಕ್ತ ಜಾಸ್ತಿ, ತುಪ್ಪಳಕ್ಕೆ ಹತ್ತುತ್ತದೆ. ನರಿಗಿಂತ ದೊಡ್ಡದಾದ, ತೋಳದ ಜಾತಿಯ ಕಯೋಟಿಗೆ ಮಾತ್ರ 40 ಗ್ರೇನಿನ ಸ್ಟ್ಯಾಂಡರ್ಡ್ ವೆಲಾಸಿಟಿ, ಗಟ್ಟಿ ಸೀಸದ್ದು. ಅದರ ತಲೆ ದಪ್ಪ, ಅಲ್ಲಿ ಶಾರ್ಟ್ ನಂಬಲಾರೆ. ಮದ್ದೇ ಇಲ್ಲದೆ ಕೇಪಿನ ಬಲದಲ್ಲೇ ಹೋಗುವ ಕೊಲಿಬ್ರಿ ಅನ್ನುವ ತೋಟೆಯೂ ಸಿಗುತ್ತದೆ, ಸದ್ದು ತೀರಾ ಕಡಿಮೆ. ದಯವಿಟ್ಟು ಅದನ್ನು ಇದಕ್ಕೆ ತರಬೇಡಿ. ಪ್ರಾಣಿ ಸಾಯುವುದಿಲ್ಲ, ನರಳುತ್ತದೆ. ಉದ್ದ ನಳಿಗೆಯ ರೈಫಲ್‌ಗೆ ಹಾಕಿದರೆ ಗುಂಡು ಒಳಗೇ ಸಿಕ್ಕಿಕೊಳ್ಳಬಹುದು.

ಸದ್ದಿನ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣ ಇದೆ. ಇಲ್ಲಿ ಜನ ಇರುವ ಮನೆಯಿಂದ 150 ಗಜದೊಳಗೆ ಅವರ ಅನುಮತಿ ಇಲ್ಲದೆ ಟ್ರ್ಯಾಪೂ ಹಾಕುವಂತಿಲ್ಲ, ಈಡೂ ಹೊಡೆಯುವಂತಿಲ್ಲ. ಕೊಟ್ಟಿಗೆ ಪಕ್ಕದ ರಕೂನಿಗಾಗಿ ರೈತರು ಆ ಅನುಮತಿ ಕೊಡುತ್ತಾರೆ. ಹಾಲು ಕರೆಯುವ ಹೊತ್ತಿನಲ್ಲಿ ಹಸು ಬೆಚ್ಚಿಬಿದ್ದರೆ ಮುಂದಿನ ವರ್ಷ ಆ ಜಾಗ ಸಿಗುವುದಿಲ್ಲ.

ಹೊಡೆಯುವ ಗಳಿಗೆ ಹೀಗಿರುತ್ತದೆ. ರಕೂನ್‌ಗೆ ನಾನು ಹಾಕುವುದು ಡಾಗ್ ಪ್ರೂಫ್ ಟ್ರ್ಯಾಪ್, ನೆಲಕ್ಕೆ ಚುಚ್ಚಿದ ಸಣ್ಣ ಕೊಳವೆ. ಅದು ಒಳಗೆ ಕೈ ಹಾಕಿ ತಿಂಡಿ ಎಳೆದರೆ ಮಾತ್ರ ಬೀಳುತ್ತದೆ. ನನ್ನನ್ನು ಕಂಡು ಅದು ಮೊದಲು ಎಳೆದಾಡುತ್ತದೆ, ಬುಸುಗುಡುತ್ತದೆ. ನಾನು ನಿಲ್ಲುತ್ತೇನೆ. ಮಾತಿಲ್ಲ, ಅಲುಗಾಟವಿಲ್ಲ. ಸ್ವಲ್ಪ ಹೊತ್ತಿಗೆ ಅದೂ ನಿಂತು ತಲೆಯೆತ್ತಿ ನೋಡುತ್ತದೆ. ಎಡಗಣ್ಣಿನಿಂದ ಬಲಕಿವಿಗೆ, ಬಲಗಣ್ಣಿನಿಂದ ಎಡಕಿವಿಗೆ ಗೆರೆ ಎಳೆದುಕೊಳ್ಳಿ, ಅವು ಕೂಡುವ ಜಾಗವೇ ಗುರಿ. ಕಣ್ಣುಗಳ ನಡುವೆ ಅಲ್ಲ, ಅದಕ್ಕಿಂತ ಮೇಲೆ. ಆಗ ಕುದುರೆ ಎಳೆಯುತ್ತೇನೆ. ಅದು ಹೊರಳಿ ಬಿದ್ದ ಮೇಲೆ ಕಣ್ಣಿನ ಗುಡ್ಡೆಯನ್ನು ಕೋಲಿನ ತುದಿಯಿಂದ ಮುಟ್ಟಿ ನೋಡಿ, ರೆಪ್ಪೆ ಅಲುಗದಿದ್ದರೆ ಮಾತ್ರ ಕೈ ಹಾಕುವುದು.

ಎಲ್ಲಕ್ಕಿಂತ ಹೆದರಬೇಕಾದದ್ದು ಗುಂಡು ಪುಟಿಯುವುದಕ್ಕೆ. ಡಿಸೆಂಬರಿನ ನೆಲ ಕಲ್ಲಿನಷ್ಟು ಗಟ್ಟಿ. ಟ್ರ್ಯಾಪೂ ಗೂಟವೂ ಉಕ್ಕಿನವು. ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ ಅಂತ ಮೊದಲು ನೋಡಿಕೊಂಡೇ ನಿಲ್ಲುವ ಜಾಗ ಆರಿಸಬೇಕು. ಕನ್ನಡಕ ಕಡ್ಡಾಯ. ರಿವಾಲ್ವರ್‌ನ ಗೂಡಿಗೂ ನಳಿಗೆಗೂ ನಡುವಿನ ಸಂದಿಯಿಂದ ಬಿಸಿ ಗಾಳಿ, ಸೀಸದ ಚೂರು ಪಕ್ಕಕ್ಕೆ ಹಾರುತ್ತವೆ. ಎಡಗೈ ಬೆರಳು ಆ ಜಾಗಕ್ಕೆ ಬರಬಾರದು. ನಾಯಿಯೋ ಬೆಕ್ಕೋ ಸಿಕ್ಕಿದ್ದರೆ ಕೋವಿ ಖಾಲಿ ಮಾಡಿ ಹೋಲ್‌ಸ್ಟರ್‌ಗೆ ಸೇರಿಸಿ, ಆಮೇಲೆ ಕುಣಿಕೆಕೋಲು ಹಿಡಿದು ಬಿಡಿಸುತ್ತೇನೆ. ಗುದ್ದಾಡುವ ಪ್ರಾಣಿಯ ಪಕ್ಕ ತುಂಬಿದ ಕೋವಿ ಬೇಡ.

ತಲೆಗೆ ಹೊಡೆಯಲೇಬಾರದ ಸಂದರ್ಭವೂ ಒಂದಿದೆ. ಇಲ್ಲಿನ ರಕೂನ್, ನರಿ, ಸ್ಕಂಕ್‌ಗಳಲ್ಲಿ ರೇಬೀಸ್ ಇರುತ್ತದೆ. ಪ್ರಾಣಿ ಯಾರನ್ನಾದರೂ ಕಚ್ಚಿದ್ದರೆ ಪರೀಕ್ಷೆಗೆ ಮಿದುಳೇ ಬೇಕು, ಒಡೆದ ತಲೆ ಕೆಲಸಕ್ಕೆ ಬರುವುದಿಲ್ಲ. ಆಗ ಎದೆಗೆ ಹೊಡೆಯಬೇಕು. ಅದಕ್ಕೆ ಅಂತಲೇ ನನ್ನ ಜೇಬಿನಲ್ಲಿ ನಾಲ್ಕಾರು ಲಾಂಗ್ ರೈಫಲ್ ತೋಟೆ ಬೇರೆ ಇರುತ್ತವೆ. ಎದೆಗೆ ಶಾರ್ಟ್ ಸಾಲದು.

ಮನೆಗೆ ಬಂದ ಮೇಲೆ ಕೋವಿಯನ್ನು ತಕ್ಷಣ ಬಿಸಿ ಕೋಣೆಗೆ ತರುವುದಿಲ್ಲ. ತಂದರೆ ಮೈಯೆಲ್ಲ ಬೆವರುತ್ತದೆ, ಸ್ಟೇನ್‌ಲೆಸ್ ಆದರೂ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ತೋಟೆ ತೆಗೆದು ಗರಾಜಿನ ಬೀಗದ ಪೆಟ್ಟಿಗೆಯಲ್ಲಿ ಇಟ್ಟು, ಸಂಜೆ ಒರೆಸುತ್ತೇನೆ. ಎಣ್ಣೆ ಬಹಳ ತೆಳ್ಳಗೆ ಸಾಕು. ಜಾಸ್ತಿಯಾದರೆ ಚಳಿಗೆ ಅಂಟಾಗಿ ಕುದುರೆ ನಿಧಾನವಾಗುತ್ತದೆ, ತೋಟೆ ಹಾರುವುದೇ ಇಲ್ಲ. ಶಾರ್ಟ್ ಬಳಸುವವರು ಇನ್ನೊಂದು ಕೆಲಸ ಮಾಡಬೇಕು. ಅದರ ಮೈ ಗಿಡ್ಡ, ಆದ್ದರಿಂದ ಗೂಡಿನೊಳಗೆ ಅದು ಮುಗಿಯುವ ಕಡೆ ಮಸಿಯ ಉಂಗುರ ಕಟ್ಟುತ್ತದೆ. ಬಿಟ್ಟರೆ ಕಯೋಟಿ ಎದುರಿರುವಾಗ ಲಾಂಗ್ ರೈಫಲ್ ತೋಟೆ ಒಳಗೆ ಹೋಗದೆ ಅರ್ಧಕ್ಕೆ ನಿಲ್ಲುತ್ತದೆ. ಆರು ಗೂಡಿಗೂ ಹಿತ್ತಾಳೆ ಬ್ರಷ್ ಹಾಕಿ ತಿರುವಿ, ಲಾಂಗ್ ರೈಫಲ್‌ನ ಖಾಲಿ ಕೊಟ್ಟೆ ಒಂದೊಂದಕ್ಕೂ ಬಿಟ್ಟು ನೋಡುತ್ತೇನೆ. ಆರರಲ್ಲೂ ಬೆರಳಿನಿಂದ ಒತ್ತದೆ ತಾನೇ ಜಾರಿ ಕೂರಬೇಕು.