ಮಂಡಿ ಬಗ್ಗಿಸಿದ ಉಯ್ಯಾಲೆ

ಮೈಸೂರಿನ ಹಳೇ ಮನೆ, ನಡುಮನೆಯಲ್ಲಿ ಹಿತ್ತಾಳೆ ಸರಪಳಿಯ ಉಯ್ಯಾಲೆ. ಮಂಡಿ ಬದಲಾಯಿಸಿಕೊಂಡ ಪೇಶೆಂಟನ್ನು ಅದರ ಮೇಲೆ ಕೂರಿಸುತ್ತೇನೆ ಅಂದಾಗ ನಮ್ಮ ಫಿಸಿಯೋ ಗೆಳೆಯರೆಲ್ಲ ನಕ್ಕರು. 'ಇನ್ನೊಂದು ಮಂಡಿಯೂ ಹೋಗತ್ತೆ, ನೋಡ್ತಿರು' ಅಂದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಾರೆ.

ಆ ಅಮ್ಮನಿಗೆ ಅರವತ್ತಾರೋ ಏನೋ. ಆಪರೇಷನ್ ಆಗಿ ಐದು ವಾರವಾದರೂ ಮಂಡಿ ಬಗ್ಗೋದು 70 ಡಿಗ್ರಿಗೇ ನಿಂತಿತ್ತು. ಎಂಟನೇ ವಾರಕ್ಕೆ 90 ಬರದಿದ್ದರೆ ಅರಿವಳಿಕೆ ಕೊಟ್ಟು ಬಗ್ಗಿಸಬೇಕು ಅಂತ ಸರ್ಜನ್ ಹೇಳಿದ್ದರು. ತಪ್ಪು ನನ್ನದೂ ಇತ್ತು. ಕೈಯಲ್ಲಿ ಒತ್ತಿ ಒತ್ತಿ ಬಗ್ಗಿಸಿದ ದಿನ ಐದು ಡಿಗ್ರಿ ಜಾಸ್ತಿ. ಮರುದಿನ ಮಂಡಿ ಊದಿಕೊಂಡು ಹತ್ತು ಕಮ್ಮಿ. ಮಗ ಬೇರೆ, ಅಮ್ಮ ಹಾಯಾಗಿರಲಿ ಅಂತ ಮಂಡಿ ಕೆಳಗೆ ದಿಂಬು ಇಡುತ್ತಿದ್ದ. ಅದನ್ನು ಹಿಮ್ಮಡಿ ಕೆಳಗೆ ಇಡಿಸಿದೆ.

ಆಮೇಲೆ ಸಿಪಿಎಂ ಮಿಷನ್, ಕಾಲನ್ನು ತಾನೇ ನಿಧಾನವಾಗಿ ಬಗ್ಗಿಸಿ ನೀಡಿಸೋ ಯಂತ್ರ. ಬಾಡಿಗೆಯಲ್ಲೇ ದುಡ್ಡು ವಾಪಸ್ ಬರುತ್ತೆ ಅಂತ ಮೂವತ್ತೈದೋ ಮೂವತ್ತೆಂಟೋ ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ ತಂದಿದ್ದೆ. ಮಿಷನ್ 95 ತೋರಿಸುತ್ತಿತ್ತು, ಕೋನ ಅಳೆಯೋ ಗೋನಿಯೋಮೀಟರ್ ಇಟ್ಟರೆ 76! ಸೊಂಟ ಎತ್ತಿ ತಪ್ಪಿಸಿಕೊಳ್ಳುತ್ತಿದ್ದರು ಆಯಮ್ಮ. ಬಾಡಿಗೆ ಕೇಳೋಕೆ ನನಗೇ ನಾಚಿಕೆಯಾಯಿತು. 2017ರಲ್ಲಿ ಸರ್ಕಾರ ಮಂಡಿಯೊಳಗೆ ಕೂರಿಸೋ ಇಂಪ್ಲಾಂಟ್ ಬೆಲೆಗೆ ಮಿತಿ ಹಾಕಿತು, ಕೋಬಾಲ್ಟ್ ಕ್ರೋಮಿಯಂ ಲೋಹದ್ದು ಆಗ 54,720 ರೂಪಾಯಿ. ಫಿಸಿಯೋ ಖರ್ಚು ಮಾತ್ರ ಮನೆಯವರ ಲೆಕ್ಕದಲ್ಲಿ ಇರೋದೇ ಇಲ್ಲ. ಹತ್ತು ವಿಸಿಟ್ ಆಗುತ್ತಲೇ 'ಇನ್ನು ನಾವೇ ಮಾಡಿಸ್ತೀವಿ ಡಾಕ್ಟ್ರೇ' ಅಂತಾರೆ.

ಉಯ್ಯಾಲೆ ಹೊಳೆದದ್ದು ಅಲ್ಲೇ ಕಾಫಿ ಕುಡಿಯುತ್ತಾ. ಮೊಮ್ಮಗಳು ಪಾದ ನೆಲಕ್ಕೂರಿ ಮುಂದೆ ತೂಗಿದಾಗಲೆಲ್ಲ ಅವಳ ಮಂಡಿ ಮಡಚುತ್ತಿತ್ತು. ಗಾಯ ಪೂರ್ತಿ ಒಣಗಿತ್ತು, ಸರ್ಜನ್ ಕೂಡ ಒಪ್ಪಿದರು. ಹಲಗೆ ಒಂದಡಿಗಿಂತ ಆಚೆ ಹೋಗದ ಹಾಗೆ ಹಗ್ಗ ಕಟ್ಟಿದೆ. ಕೂರುವಾಗ, ಏಳುವಾಗ ಮಗ ಹಲಗೆ ಹಿಡಿಯಬೇಕು. ನೋವಿನ ಮಾತ್ರೆ ತಗೊಂಡು ಮುಕ್ಕಾಲು ಗಂಟೆಗೆ ಶುರು. ಪಾದ ಕದಲಬಾರದು, ಮೈ ಮುಂದೆ ಬರಬೇಕು. ಎಷ್ಟು ಬಗ್ಗಿಸಬೇಕು ಅನ್ನೋದು ಅವರ ಕೈಯಲ್ಲೇ ಇತ್ತಲ್ವಾ, ಹೆದರಿಕೆ ಹೋಯಿತು. ಹಲಗೆ ಎಷ್ಟು ಎತ್ತರ, ಯಾವಾಗ ಇಳಿಸೋದು ಅನ್ನೋದನ್ನ ಇಲ್ಲಿ ಬರೆಯಲ್ಲ, ಹೊಟ್ಟೆಪಾಡು.

ಹತ್ತು ಹನ್ನೆರಡು ದಿನಕ್ಕೆ 92. ಮೂರನೇ ತಿಂಗಳಿಗೆ 110ರ ಹತ್ತಿರ.

ಉಯ್ಯಾಲೆ ಇಲ್ಲದ ಇನ್ನೊಂದು ಮನೆಯಲ್ಲಿ ಚಕ್ರದ ಆಫೀಸ್ ಚೇರ್ ಮೇಲೆ ಕೂರಿಸಿ ನೋಡಿದೆ. ಚೇರ್ ಹಿಂದಕ್ಕೆ ಜಾರಿ ಪೇಶೆಂಟ್ ಬೀಳೋದರಲ್ಲಿದ್ದರು. ಅಲ್ಲಿಗೇ ಬಿಟ್ಟೆ. ಹಿಪ್, ಅಂದರೆ ಸೊಂಟದ ಕೀಲು ಬದಲಾಯಿಸಿಕೊಂಡವರನ್ನಂತೂ ಉಯ್ಯಾಲೆ ಹತ್ತಿಸಲೇಬೇಡಿ. ಹಿಂದಿನಿಂದ ಮಾಡಿದ ಆಪರೇಷನ್ನಾದರೆ ಸೊಂಟ 90 ದಾಟಿ ಮಡಚಿದಾಗ ಕೀಲು ತಪ್ಪಬಹುದು.

ಮಿಷನ್ ಈಗ ನಮ್ಮ ಅಟ್ಟದ ಮೇಲಿದೆ. ಹನ್ನೆರಡು ಸಾವಿರಕ್ಕೆ ಯಾರಾದರೂ ಕೇಳಿದರೆ ಕೊಟ್ಟುಬಿಡುತ್ತೇನೆ.