ನಾಲ್ಕು ದೇಶ, ಐದು ಬಿಯರ್: ಗ್ಲಾಸಿಗೆ ಬಗ್ಗಿಸುವ ಕ್ರಮ

ಜರ್ಮನಿಯಿಂದಲೋ ಐರ್ಲೆಂಡಿನಿಂದಲೋ ಹಡಗು ಹತ್ತಿ ಬಂದ ಬಿಯರ್ ಹೆಚ್ಚಿನ ಮನೆಗಳಲ್ಲಿ ಹಾಳಾಗುವುದು ಕೊನೆಯ ಅರ್ಧ ಗಂಟೆಯಲ್ಲಿ. ಫ್ರೀಜರಿನಲ್ಲಿ ಕಲ್ಲಾಗುವಷ್ಟು ತಣ್ಣಗಾಗುತ್ತದೆ. ನಿನ್ನೆ ಮಜ್ಜಿಗೆ ಕುಡಿದು ತೊಳೆದಿಟ್ಟ ಲೋಟಕ್ಕೆ ಬೀಳುತ್ತದೆ. ನೊರೆ ಬಂದರೆ ನಷ್ಟ ಎಂದುಕೊಂಡು ಅಂಚಿಗೆ ಹಚ್ಚಿ ಮೆಲ್ಲಗೆ ಇಳಿಸುತ್ತಾರೆ, ಮೇಲೊಂದು ನಿಂಬೆ ಹೋಳು ಸಿಕ್ಕಿಸುತ್ತಾರೆ. ಆಮೇಲೆ, 'ಇಷ್ಟು ದುಡ್ಡು ಕೊಟ್ಟರೂ ನಮ್ಮ ಬಿಯರಿನ ಹಾಗೇ ಇದೆ' ಎಂಬ ಮಾತು. ಹಾಗಿರದೆ ಇನ್ನೇನು? ಗ್ಲಾಸು, ತಂಪು, ಬಗ್ಗಿಸುವ ಕೈ, ಈ ಮೂರು ಸರಿಯಿದ್ದರೆ ಮಾತ್ರ ಒಂದು ಬಿಯರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ನಾಲಗೆಗೆ ತಿಳಿಯುತ್ತದೆ.

ನಾಲ್ವರು ಕೂತು ರುಚಿ ನೋಡಲು ಬೇಕಾದಷ್ಟು ಲೆಕ್ಕ ಇದು.

ಏನೇನು ತರಬೇಕು

ಜೆಕ್ ದೇಶದ ಪಿಲ್ಸ್ನರ್ ಉರ್ಕ್ವೆಲ್ 500 ಮಿ.ಲೀ., ಜರ್ಮನಿಯ ವೈಹೆನ್‌ಸ್ಟೆಫಾನ್ ಹೆಫೆವೈಸ್‌ಬಿಯರ್ 500 ಮಿ.ಲೀ., ಐರ್ಲೆಂಡಿನ ಗಿನ್ನೆಸ್ ಡ್ರಾಟ್ 440 ಮಿ.ಲೀ. ಕ್ಯಾನ್, ಬೆಲ್ಜಿಯಮ್ಮಿನ ವೆಸ್ಟ್‌ಮಾಲೆ ಟ್ರಿಪೆಲ್ 330 ಮಿ.ಲೀ., ಅದೇ ದೇಶದ ಹುಳಿ ಬಿಯರ್ ಗ್ಯೂಜ್ 375 ಮಿ.ಲೀ. ತಲಾ ಒಂದೊಂದೇ ಸಾಕು. ಹೀಗೆ ಹಂಚಿದರೆ ಒಬ್ಬರ ಹೊಟ್ಟೆಗೆ ಒಟ್ಟು ಸುಮಾರು 30 ಮಿ.ಲೀ. ಶುದ್ಧ ಆಲ್ಕೋಹಾಲ್ ಹೋಗುತ್ತದೆ. ನಮ್ಮಲ್ಲಿ ಸಿಗುವ 650 ಮಿ.ಲೀ. ಬಾಟಲಿಯ ಶೇ 5ರ ಬಿಯರಿನಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಗಾಡಿ ಓಡಿಸಬೇಕಾದವರು ಇದಕ್ಕೆ ಕೂರಬಾರದು.

ಅಂಗಡಿಯಲ್ಲಿ ಮೊದಲು ನೋಡಬೇಕಾದ್ದು ತಾರೀಖು, ಆಮೇಲೆ ಬಾಟಲಿಯ ಬಣ್ಣ. ಟ್ಯೂಬ್‌ಲೈಟಿನ ಕೆಳಗೆ ತಿಂಗಳುಗಟ್ಟಲೆ ಸಾಲಾಗಿ ನಿಂತ ಹಸಿರು ಬಾಟಲಿಯನ್ನು, ಬಿಳಿ ಬಾಟಲಿಯನ್ನು ಮುಟ್ಟಬೇಡಿ. ಹಾಪ್ಸ್ ಹೂವಿನ ಕಹಿ ಅಂಶ ಬೆಳಕಿಗೆ ಒಡೆದು ಗಂಧಕದ ಕೆಟ್ಟ ನಾತವಾಗುತ್ತದೆ; ನೇರ ಬಿಸಿಲಾದರೆ ಕೆಲವೇ ನಿಮಿಷ ಸಾಕು. ಕಂದು ಗಾಜು ಇದನ್ನು ಬಹುಪಾಲು ತಡೆಯುತ್ತದೆ, ಕ್ಯಾನ್ ಪೂರ್ತಿ ತಡೆಯುತ್ತದೆ. ರಟ್ಟಿನ ಪೆಟ್ಟಿಗೆಯೊಳಗಿಂದ ತೆಗೆದುಕೊಡಲು ಕೇಳಿ. ಸೆಕೆಯಲ್ಲಿ ಬಿದ್ದ ಹಳೆಯ ಬಿಯರ್ ಒದ್ದೆ ರಟ್ಟಿನ ವಾಸನೆ ಹೊಡೆಯುತ್ತದೆ, ಅದನ್ನು ಯಾವ ಗ್ಲಾಸೂ ಸರಿಮಾಡದು.

ಹಂತ 1: ಗ್ಲಾಸು

ಕಣ್ಣಿಗೆ ಫಳಫಳ ಹೊಳೆಯುವ ಗ್ಲಾಸೆಲ್ಲ ಬಿಯರಿಗೆ ಚೊಕ್ಕಟವಲ್ಲ. ನೊರೆಯನ್ನು ಹಿಡಿದು ನಿಲ್ಲಿಸುವುದು ಧಾನ್ಯದ ಪ್ರೋಟೀನ್ ಮತ್ತು ಹಾಪ್ಸ್‌ನ ಕಹಿ. ಜಿಡ್ಡಿನ ಒಂದು ಪೊರೆ ಇದ್ದರೂ ಆ ಹಿಡಿತ ತಪ್ಪಿ ಗುಳ್ಳೆಗಳು ಒಡೆಯುತ್ತವೆ. ಹಾಲು, ಮಜ್ಜಿಗೆ, ಬಾದಾಮಿ ಹಾಲು ಕುಡಿಯುವ ಲೋಟಗಳನ್ನು ಇದಕ್ಕೆ ಬಳಸಲೇಬೇಡಿ. ಬಿಯರಿಗೆಂದೇ ಬೇರೆ ಗ್ಲಾಸು ಇಡಿ. ಎಣ್ಣೆ ಪಾತ್ರೆ ಉಜ್ಜಿದ ಸ್ಕ್ರಬ್ಬರ್ ಕೂಡ ದೂರವಿರಲಿ.

ಎರಡು ಚಮಚ ಅಡುಗೆ ಸೋಡಾವನ್ನು ಒಂದು ಲೀಟರ್ ಬಿಸಿನೀರಿಗೆ ಹಾಕಿ, ಹೊಸ ಬಾಟಲಿ ಬ್ರಷ್‌ನಿಂದ ಒಳಗೆಲ್ಲ ಉಜ್ಜಿ. ತಣ್ಣೀರಿನಲ್ಲಿ ಮೂರು ಸಲ ತೊಳೆಯಿರಿ. ಬಟ್ಟೆಯಲ್ಲಿ ಒರೆಸಬೇಡಿ, ಬಟ್ಟೆಯ ಜಿಡ್ಡೂ ಎಳೆಯೂ ಗಾಜಿಗೆ ಅಂಟುತ್ತವೆ. ತಂತಿಯ ಸ್ಟ್ಯಾಂಡಿನ ಮೇಲೆ ಬೋರಲಾಗಿಟ್ಟು ಗಾಳಿಗೆ ಒಣಗಿಸಿ.

ಪರೀಕ್ಷೆ ಸುಲಭ. ಗ್ಲಾಸಿಗೆ ನೀರು ತುಂಬಿ ಚೆಲ್ಲಿ. ಒಳಗೆ ನೀರು ಒಂದೇ ಹಾಳೆಯಂತೆ ಇಳಿದರೆ ಸರಿ. ಎಲ್ಲಾದರೂ ಹನಿಹನಿಯಾಗಿ ಒಡೆದು ನಿಂತರೆ ಅಲ್ಲಿ ಜಿಡ್ಡಿದೆ, ಮತ್ತೆ ಉಜ್ಜಿ. ಬಿಯರ್ ಬಗ್ಗಿಸಿದ ಮೇಲೂ ಗೊತ್ತಾಗುತ್ತದೆ: ಗಾಜಿನ ಗೋಡೆಗೆ ಗುಳ್ಳೆಗಳು ಮುತ್ತಿನಂತೆ ಅಂಟಿ ಕೂತಿದ್ದರೆ ಗ್ಲಾಸು ಕೊಳೆ. ಚೊಕ್ಕಟ ಗ್ಲಾಸಿನಲ್ಲಿ ಒಂದೊಂದು ಗುಟುಕಿಗೂ ನೊರೆ ಬಳೆಬಳೆಯಾಗಿ ಗೋಡೆಯಲ್ಲಿ ಉಳಿಯುತ್ತದೆ.

ಫ್ರೀಜರಿನಲ್ಲಿಟ್ಟು ಮಂಜು ಹಿಡಿಸಿದ ಗ್ಲಾಸು ಬೇಡವೇ ಬೇಡ. ಒಳಗೋಡೆಯ ಮಂಜಿನ ಹರಳು ತಗುಲಿದ್ದೇ ಗ್ಯಾಸು ಒಮ್ಮೆಲೇ ನೊರೆಯಾಗಿ ಉಕ್ಕಿಹೋಗುತ್ತದೆ. ಮಂಜು ಕರಗಿದ ನೀರೂ ಬಿಯರಿಗೆ ಸೇರುತ್ತದೆ, ಜೊತೆಗೆ ಫ್ರೀಜರಿನ ವಾಸನೆ.

ಹಂತ 2: ತಂಪು

ಎಲ್ಲವನ್ನೂ ಹಿಂದಿನ ದಿನವೇ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ. ಪಿಲ್ಸ್ನರ್, ವೈಸ್‌ಬಿಯರ್, ಗಿನ್ನೆಸ್ ಮೂರಕ್ಕೂ 7 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸರಿ. ಟ್ರಿಪೆಲ್, ಗ್ಯೂಜ್ ಎರಡಕ್ಕೂ 10ರಿಂದ 12. ಫ್ರಿಜ್ಜಿನೊಳಗೆ ಸಾಮಾನ್ಯವಾಗಿ 4-5 ಡಿಗ್ರಿ ಇರುವುದರಿಂದ ಪಿಲ್ಸ್ನರ್ ಮತ್ತು ವೈಸ್‌ಬಿಯರನ್ನು ಹತ್ತು ನಿಮಿಷ ಮೊದಲು, ಬೆಲ್ಜಿಯಮ್ಮಿನ ಎರಡನ್ನೂ ಅರ್ಧ ಗಂಟೆ ಮೊದಲು ಹೊರಗಿಡಿ. ಗಿನ್ನೆಸ್ ಕ್ಯಾನನ್ನು ಮಾತ್ರ ಬಗ್ಗಿಸುವ ಹೊತ್ತಿಗೇ ತೆಗೆಯಿರಿ.

ಅವಸರವಿದ್ದರೆ ಬಕೆಟ್ಟಿನಲ್ಲಿ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಕಲ್ಲುಪ್ಪು. ಬಾಟಲಿ ಕುತ್ತಿಗೆವರೆಗೆ ಮುಳುಗಲಿ, ಇಪ್ಪತ್ತು ನಿಮಿಷ ಸಾಕು. ಬರೀ ಐಸು ಹಾಕಿದರೆ ಸಂದಿಯ ಗಾಳಿಯಿಂದಾಗಿ ತಣಿಯುವುದು ನಿಧಾನ. ಫ್ರೀಜರಿನಲ್ಲಿಟ್ಟು ಮರೆತರೆ ಬಾಟಲಿ ಒಡೆಯುತ್ತದೆ. ಒಡೆಯದಿದ್ದರೂ ಅಷ್ಟು ತಣ್ಣಗಾದ ಬಿಯರಿನ ಘಮ ಏಳುವುದಿಲ್ಲ.

ಹಂತ 3: ಪಿಲ್ಸ್ನರ್

ಪಿಲ್ಸೆನ್ ಊರಿನವರು 1838ರಲ್ಲಿ ಕೆಟ್ಟ ಬಿಯರಿನ 36 ಪೀಪಾಯಿಗಳನ್ನು ಪುರಭವನದ ಎದುರು ಸುರಿದುಬಿಟ್ಟಿದ್ದರು. ಬಳಿಕ ಹೊಸ ಬ್ರೂವರಿ ಕಟ್ಟಿ, ಜರ್ಮನಿಯ ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬಾತನನ್ನು ಕರೆಸಿದರು. ಆತ 1842ರ ಅಕ್ಟೋಬರ್‌ನಲ್ಲಿ ಕುದಿಸಿದ ಹೊಂಬಣ್ಣದ ಲಾಗರ್, ಅಂದರೆ ತಂಪಿನಲ್ಲಿ ನಿಧಾನವಾಗಿ ಹುದುಗಿಸಿದ ಬಿಯರ್, ಇದರ ಮೂಲ. ಅಲ್ಲಿ ನೊರೆ ಎಂದರೆ ಮುಚ್ಚಳ, ಬಿಯರಿಗೆ ಗಾಳಿ ತಾಗದಂತೆ ಕಾಯುವಂಥದ್ದು.

ಒದ್ದೆ ಗ್ಲಾಸಿನ ನಡುವಿಗೆ ಒಂದು ಗೇಣು ಮೇಲಿಂದ ಸ್ವಲ್ಪ ಸುರಿದು ಮೂರು ಬೆರಳು ನೊರೆ ಎಬ್ಬಿಸಿ. ಒಂದು ನಿಮಿಷ ಕಾಯಿರಿ. ದೊಡ್ಡ ಗುಳ್ಳೆಗಳು ಒಡೆದು ನೊರೆ ಗಟ್ಟಿಯಾದಾಗ ಗ್ಲಾಸನ್ನು ಓರೆ ಹಿಡಿದು, ಉಳಿದ ಬಿಯರನ್ನು ಗೋಡೆಗುಂಟ ಅದರ ಅಡಿಗೆ ಇಳಿಸಿ. ಕಹಿ ಗಂಟಲಿನಲ್ಲಿ ಚುರುಕಾಗಿ ಬಂದು ಬೇಗ ಹೋಗಬೇಕು.

ಹಂತ 4: ವೈಸ್‌ಬಿಯರ್, ಕೈ ತಪ್ಪುವುದು ಇಲ್ಲೇ

ಬೆಂಗಳೂರಿನ ಮೈಕ್ರೋಬ್ರೂವರಿಗಳ ಪಟ್ಟಿಯಲ್ಲಿ ಹೆಫೆವೈಸೆನ್ ಎಂಬ ಹೆಸರು ಕಂಡಿರುತ್ತೀರಿ. ಅದೇ ಜಾತಿಯದು. ಜರ್ಮನಿಯಲ್ಲಿ ಇದರ ಮಾಲ್ಟ್‌ನಲ್ಲಿ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಕನಿಷ್ಠ ಅರ್ಧ ಗೋಧಿಯೇ ಇರಬೇಕು. ಗೋಧಿಯಲ್ಲಿ ಪ್ರೋಟೀನ್ ಹೆಚ್ಚು, ಬಾಟಲಿಯಲ್ಲಿ ಗ್ಯಾಸೂ ಲಾಗರ್‌ಗಿಂತ ಹೆಚ್ಚು. ಹಾಗಾಗಿ ಸಾದಾ ಬಿಯರಿನಂತೆ ಸುರಿದರೆ ಮುಕ್ಕಾಲು ಗ್ಲಾಸು ನೊರೆ, ಟೇಬಲ್ಲೆಲ್ಲ ಬಿಯರ್. ಹೆದರಿ ಹನಿಹನಿ ಇಳಿಸಿದರೆ ಮೇಲೆ ತಿಳಿ, ಬಾಟಲಿಯ ತಳದಲ್ಲಿ ಯೀಸ್ಟಿನ ಗಷ್ಟು. ರುಚಿಯ ಒಂದು ಪಾಲು ಆ ಗಷ್ಟಿನಲ್ಲೇ ಉಳಿದುಹೋಗುತ್ತದೆ.

ಕೆಳಗೆ ಸಣ್ಣ, ಮೇಲೆ ಅಗಲವಿರುವ ಅರ್ಧ ಲೀಟರಿನ ಉದ್ದ ಗ್ಲಾಸು ಬೇಕು; ನೊರೆಗೆಂದು ಮೇಲೆ ನಾಲ್ಕು ಬೆರಳು ಜಾಗ ಇರಬೇಕು. ತಣ್ಣೀರಿನಲ್ಲಿ ಒಮ್ಮೆ ಅದ್ದಿ ನೀರು ಚೆಲ್ಲಿ. ಒಣ ಗಾಜಿನ ಸಣ್ಣ ಒರಟಿನಲ್ಲೆಲ್ಲ ಗಾಳಿ ಕೂತಿರುತ್ತದೆ, ಅಲ್ಲಿಂದಲೇ ನೊರೆ ಉಕ್ಕುವುದು.

ಎಡಗೈಯಲ್ಲಿ ಗ್ಲಾಸನ್ನು ಹೆಚ್ಚುಕಡಿಮೆ ಮಲಗಿಸಿದಂತೆ ಹಿಡಿಯಿರಿ. ಬಲಗೈಯ ಬಾಟಲಿಯ ಬಾಯಿ ಗ್ಲಾಸಿನೊಳಕ್ಕೆ ಬಂದು ಗೋಡೆಗೆ ತಾಗುವಂತಿರಲಿ. ಇಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಬಾಟಲಿ 'ಗುಳುಕ್ ಗುಳುಕ್' ಎಂದಿತೋ, ತೀರಾ ಎತ್ತಿದ್ದೀರಿ ಎಂದರ್ಥ. ಹೊರಗಿನ ಗಾಳಿ ಬಿಯರನ್ನು ಸೀಳಿಕೊಂಡು ಒಳನುಗ್ಗುತ್ತಿದೆ. ಪ್ರತಿ ಗುಳುಕಿಗೂ ತಳದ ಗಷ್ಟು ಅವೇಳೆಯಲ್ಲಿ ಕದಡುತ್ತದೆ, ಗ್ಲಾಸಿನಲ್ಲಿ ನೊರೆ ಎರಡು ಬೆರಳು ಏರುತ್ತದೆ. ಬಾಟಲಿಯ ಕುತ್ತಿಗೆಯ ಕೆಳಗಿನ ಅರ್ಧದಲ್ಲಿ ಬಿಯರ್ ಹೊರಬರುತ್ತಾ, ಮೇಲಿನ ಅರ್ಧದಲ್ಲಿ ಗಾಳಿ ಒಳಹೋಗುವಷ್ಟೇ ಬಗ್ಗಿಸಿ. ಧಾರೆ ಪೆನ್ಸಿಲಿನಷ್ಟು ದಪ್ಪ, ಸದ್ದಿಲ್ಲದೆ, ಎಲ್ಲೂ ಕಡಿಯದೆ ಬರಬೇಕು.

ಗ್ಲಾಸು ತುಂಬುತ್ತ ಬಂದಂತೆ ಅದನ್ನು ನೆಟ್ಟಗೆ ಮಾಡುತ್ತ ಹೋಗಿ, ಬಾಟಲಿಯನ್ನು ಅಷ್ಟಷ್ಟೇ ಹಿಂದಕ್ಕೆ ಎಳೆಯಿರಿ. ಬಾಟಲಿಯ ಬಾಯನ್ನು ಬಿಯರಿನಲ್ಲಿ ಮುಳುಗಿಸುವ ಅಭ್ಯಾಸ ಕೆಲವರಿಗಿದೆ, ಹೊರಮೈಯ ಕೊಳೆಯೂ ಲೇಬಲ್ಲಿನ ಅಂಟೂ ಗ್ಲಾಸಿಗೆ ಸೇರುತ್ತವೆ. ನೊರೆ ಅಂಚಿಗೆ ಬಂದರೆ ಗಾಬರಿಯಾಗಬೇಡಿ, ಬೆರಳು ಅದ್ದಬೇಡಿ. ಬಾಟಲಿಯನ್ನು ಕೆಳಗಿಡದೆ, ಅದೇ ಓರೆಯಲ್ಲಿ ಹಿಡಿದು ಅರ್ಧ ನಿಮಿಷ ನಿಲ್ಲಿ.

ತಳದಲ್ಲಿ ಎರಡು ಬೆರಳಿನಷ್ಟು, ಅಂದರೆ 50 ಮಿ.ಲೀ. ಆಸುಪಾಸು ಉಳಿದಾಗ ನಿಲ್ಲಿಸಿ. ಗ್ಲಾಸನ್ನು ಕೆಳಗಿಟ್ಟು ಬಾಟಲಿಯನ್ನು ನೆಟ್ಟಗೆ ಹಿಡಿದು ಐದಾರು ಸುತ್ತು ತಿರುಗಿಸಿ. ಕುಲುಕಬೇಡಿ. ಗಷ್ಟು ಬಿಟ್ಟುಕೊಂಡು ಬಿಯರ್ ಅಕ್ಕಿ ತೊಳೆದ ನೀರಿನಂತೆ ಮಬ್ಬಾಗುತ್ತದೆ. ಆಗ ಗ್ಲಾಸಿನ ನಟ್ಟನಡುವೆ ಒಮ್ಮೆಗೇ ಸುರಿಯಿರಿ. ಹೊಂಬಣ್ಣದ ಬಿಯರಿನೊಳಗೆ ಮೋಡ ಇಳಿದಂತೆ ಯೀಸ್ಟ್ ಹರಡುವುದು ಕಾಣುತ್ತದೆ, ನೊರೆ ಗ್ಲಾಸಿನ ಬಾಯಿ ಮೀರಿ ಗುಡ್ಡೆಯಾಗಿ ನಿಲ್ಲುತ್ತದೆ.

ನಾಲ್ವರಿಗೆ ಹಂಚುವುದಾದರೆ ಈ ಕೊನೆಯ ಆಟ ನಡೆಯದು, ಗಷ್ಟೆಲ್ಲ ಒಬ್ಬರ ಪಾಲಾಗುತ್ತದೆ. ಆಗ ಮುಚ್ಚಳ ತೆಗೆಯುವ ಮೊದಲೇ ಬಾಟಲಿಯನ್ನು ಟೇಬಲ್ಲಿನ ಮೇಲೆ ಮಲಗಿಸಿ, ಲಟ್ಟಣಿಗೆ ಉರುಳಿಸಿದಂತೆ ನಾಲ್ಕು ಸಲ ಮೆತ್ತಗೆ ಉರುಳಿಸಿ, ಎರಡು ನಿಮಿಷ ನಿಲ್ಲಿಸಿ, ಆಮೇಲೆ ತೆರೆಯಿರಿ. ಧಾರೆಯ ನಿಯಮ ಮಾತ್ರ ಅದೇ.

ಮೂಗಿಗೆ ಮೊದಲು ಬರುವುದು ಕಳಿತ ಬಾಳೆಹಣ್ಣು, ಹಿಂದೆಯೇ ಲವಂಗ. ಬಾಳೆಯನ್ನೂ ಲವಂಗವನ್ನೂ ಯಾರೂ ಹಾಕಿಲ್ಲ, ಎರಡೂ ಆ ಯೀಸ್ಟಿನ ಕೆಲಸ. ನಿಂಬೆ ಹೋಳು ಸಿಕ್ಕಿಸಿದರೆ ಸಿಪ್ಪೆಯ ಎಣ್ಣೆ ನೊರೆಯನ್ನು ಕೊಲ್ಲುತ್ತದೆ, ಹುಳಿ ಲವಂಗವನ್ನು ಮುಚ್ಚುತ್ತದೆ. ಬೇಡವೆಂದು ಹೇಳಲು ಸಂಕೋಚ ಬೇಡ.

ಹಂತ 5: ಗಿನ್ನೆಸ್

ಪಬ್ಬಿನ ನಲ್ಲಿಯಿಂದ ಎರಡು ಸಲಕ್ಕೆ ತುಂಬುವ, 119.5 ಸೆಕೆಂಡಿನ ಕ್ರಮವನ್ನು ವಿಡಿಯೋದಲ್ಲಿ ನೋಡಿ ಕ್ಯಾನಿಗೂ ಅದನ್ನೇ ಮಾಡುತ್ತಾರೆ. ತಪ್ಪು. ಕ್ಯಾನಿನೊಳಗೆ ನೈಟ್ರೋಜನ್ ತುಂಬಿದ ಪ್ಲಾಸ್ಟಿಕ್ ಗುಂಡು ಇದೆ. ಮುಚ್ಚಳ ತೆರೆದಾಗ ಒತ್ತಡ ಇಳಿದು, ಗುಂಡಿನ ಸಣ್ಣ ತೂತಿನಿಂದ ಅನಿಲ ಚಿಮ್ಮಿ ಬಿಯರನ್ನೆಲ್ಲ ಕಡೆಯುತ್ತದೆ. ಈ ಶಕ್ತಿ ಒಮ್ಮೆಗೆ ಮಾತ್ರ. ಮೂರು ಗಂಟೆಯಾದರೂ ತಣಿದ ಕ್ಯಾನನ್ನು ತೆರೆದು, 568 ಮಿ.ಲೀ.ಯ ಪೈಂಟ್ ಗ್ಲಾಸಿಗೆ ಓರೆಯಾಗಿ, ನಿಲ್ಲಿಸದೆ ಪೂರ್ತಿ ಸುರಿಯಿರಿ. ಬಿಸಿ ಕ್ಯಾನ್ ತೆರೆದರೆ ಮುಖಕ್ಕೇ ಚಿಮ್ಮುತ್ತದೆ.

ಗುಳ್ಳೆಗಳು ಗಾಜಿನ ಬದಿಯಲ್ಲಿ ಕೆಳಗಿಳಿಯುತ್ತಿರುವಂತೆ ಕಾಣುವುದು ಕಣ್ಣಿನ ಭ್ರಮೆಯಲ್ಲ. ನಡುವೆ ಏರುವ ಗುಳ್ಳೆಗಳು ಬಿಯರನ್ನು ಮೇಲಕ್ಕೆಳೆಯುತ್ತವೆ, ಆ ಬಿಯರ್ ಬದಿಯಿಂದ ಇಳಿಯುವಾಗ ಸಣ್ಣ ಗುಳ್ಳೆಗಳನ್ನು ಸೆಳೆದೊಯ್ಯುತ್ತದೆ. ಎರಡು ನಿಮಿಷದಲ್ಲಿ ಕಪ್ಪು ಕೆಳಗೆ, ಕೆನೆ ಮೇಲೆ ಬೇರೆಯಾದ ನಂತರ ಸಣ್ಣ ಗ್ಲಾಸುಗಳಿಗೆ ಹಂಚಿ. ಬಣ್ಣ ನೋಡಿ ಭಾರ ಎಂದುಕೊಳ್ಳಬೇಡಿ, ಶೇ 4.2, ಐದರಲ್ಲಿ ಇದೇ ಹಗುರ. ಕಪ್ಪು ಬಂದಿರುವುದು ಹುರಿದ ಬಾರ್ಲಿಯಿಂದ, ಕಾಫಿಬೀಜದ ಕಹಿಯೂ ಅದರದೇ.

ಹಂತ 6: ಟ್ರಿಪೆಲ್, ಕೊನೆಗೆ ಗ್ಯೂಜ್

ವೆಸ್ಟ್‌ಮಾಲೆ ಮಠದ ಟ್ರಾಪಿಸ್ಟ್ ಎಂಬ ಕ್ಯಾಥೊಲಿಕ್ ಪಂಥದ ಸಂನ್ಯಾಸಿಗಳ ಈ ಬಿಯರ್ ಶೇ 9.5. ಬಣ್ಣ ತಿಳಿ ಹೊನ್ನು, ಏಟು ಗಟ್ಟಿ. ಅಗಲ ಬಾಯಿಯ ಗ್ಲಾಸಿಗೆ ಬಗ್ಗಿಸಿ, ತಳದ ಒಂದು ಸೆಂಟಿಮೀಟರ್ ಬಾಟಲಿಯಲ್ಲೇ ಬಿಡಿ. ಇಲ್ಲಿ ಗಷ್ಟು ಬೇಡ, ಕಹಿ ಹೆಚ್ಚುತ್ತದೆ.

ಗ್ಯೂಜ್ ಕೊನೆಗೇ ಬರಬೇಕು. ಆ ಹುಳಿ ನಾಲಗೆಗೆ ಹತ್ತಿದ ಮೇಲೆ ಬೇರೆ ಯಾವುದೂ ಹಿಡಿಸದು. ಬ್ರಸೆಲ್ಸ್ ಸುತ್ತಿನ ಬ್ರೂವರಿಗಳು ಕುದಿಸಿದ ಧಾನ್ಯದ ರಸವನ್ನು ಚಳಿಗಾಲದ ರಾತ್ರಿ ಅಗಲ ತೊಟ್ಟಿಯಲ್ಲಿ ತೆರೆದಿಡುತ್ತವೆ. ಗಾಳಿಯ ಕಾಡು ಯೀಸ್ಟ್ ತಾನಾಗಿ ಹೆಪ್ಪು ಹಾಕುತ್ತದೆ. ಮರದ ಪೀಪಾಯಿಯಲ್ಲಿ ಒಂದು, ಎರಡು, ಮೂರು ವರ್ಷ ಕಳೆದವನ್ನು ಬೆರೆಸಿ ಬಾಟಲಿ ತುಂಬಿದ್ದು ಗ್ಯೂಜ್. ಮೊದಲ ಗುಟುಕಿಗೆ 'ಕೆಟ್ಟಿದೆ' ಎನ್ನುವವರೇ ಹೆಚ್ಚು. ಹುಳಿ ಮಜ್ಜಿಗೆಯಲ್ಲಿರುವ ಲ್ಯಾಕ್ಟಿಕ್ ಆಮ್ಲವೇ ಇದರಲ್ಲೂ ಇದೆ ಎಂದು ತಿಳಿದು ಎರಡನೇ ಗುಟುಕು ಕುಡಿಯಿರಿ.

ಕಾರ್ಕನ್ನು ಬಟ್ಟೆಯಲ್ಲಿ ಬಿಗಿಹಿಡಿದು, ಬಾಟಲಿಯನ್ನು ತಿರುಗಿಸುತ್ತ ತೆಗೆಯಿರಿ. ನಾಲ್ಕೂ ಗ್ಲಾಸುಗಳನ್ನು ಒತ್ತೊತ್ತಾಗಿಟ್ಟು ಒಂದರ ನಂತರ ಒಂದಕ್ಕೆ ಬಗ್ಗಿಸುತ್ತ ಸಾಗಿ; ನಡುವೆ ಬಾಟಲಿಯನ್ನು ನೆಟ್ಟಗೆ ಮಾಡಿದರೆ ಗಷ್ಟು ಏಳುತ್ತದೆ.

ತಿನ್ನಲು ಬ್ರೆಡ್ಡು, ಒಗ್ಗರಣೆ ಹಾಕದ ಮಂಡಕ್ಕಿ, ನೀರು ಇರಲಿ. ಈರುಳ್ಳಿ ಬಜ್ಜಿ, ಕಾಂಗ್ರೆಸ್ ಕಡಲೆಬೀಜ ಕೊನೆಗೆ. ತುಟಿಯ ಎಣ್ಣೆ ತಾಗಿದ ಕಡೆ ನೊರೆ ತೂತು ಬೀಳುತ್ತದೆ, ಖಾರಕ್ಕೆ ನಾಲಗೆ ಮರಗಟ್ಟುತ್ತದೆ.

ಮಿಕ್ಕ ಗ್ಯೂಜನ್ನು ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮರುದಿನಕ್ಕೂ ಆಗುತ್ತದೆ, ಉಳಿದ ನಾಲ್ಕು ಆಗುವುದಿಲ್ಲ. ಗ್ಲಾಸುಗಳಿಗೆ ಅಂದೇ ರಾತ್ರಿ ಬಿಸಿನೀರು ತುಂಬಿಸಿಡಿ; ಒಣಗಿ ಹಿಡಿದ ನೊರೆ ಬೆಳಗ್ಗೆ ಬ್ರಷ್ಷಿಗೂ ಬಗ್ಗುವುದಿಲ್ಲ.